ಧೂಳಕ್ಕ ಅಳಿಸಬೇಕಿರುವ ನಂಬರು

ಬೆಳಗಿನ ಆರು ಗಂಟೆ. ಮಾದರಿ ವಾಹನಗಳ ಅಂಗಡಿಯ ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ, ಅದರ ಕೆಳಗೊಂದು ಮೇಜು. ಮೇಜಿನ ಮೇಲೆ ಅಂಗೈಯಗಲದ ಯುದ್ಧ ಟ್ಯಾಂಕು. ಐವತ್ತೆಂಟು ವರ್ಷದ ಹೆಂಗಸೊಬ್ಬರು ಚಿಮಟದ ತುದಿಯಲ್ಲಿ ಸ್ಪಂಜಿನ ಚೂರು ಹಿಡಿದು, ಬಣ್ಣಕ್ಕೆ ಅದ್ದಿ, ಮುಕ್ಕಾಲು ಪಾಲನ್ನು ಹಳೇ ಪೇಪರಿಗೆ ಒತ್ತಿ ತೆಗೆದು, ಉಳಿದದ್ದನ್ನು ಟ್ಯಾಂಕಿನ ಅಂಚಿಗೆ ಮುಟ್ಟಿಯೂ ಮುಟ್ಟದಂತೆ ತಾಗಿಸುತ್ತಾರೆ. ಅಲ್ಲಿ ಹಸಿರು ಎದ್ದುಹೋಗಿ ಕಬ್ಬಿಣ ಇಣುಕಿದಂತೆ ಕಾಣುತ್ತದೆ. ಅಸಲಿಗೆ ಅದು ಪ್ಲಾಸ್ಟಿಕ್ಕು. "ದೀಪದ ಬೆಳಕು ಮೋಸ ಮಾಡತ್ತೆ. ರಾತ್ರಿ ತುಕ್ಕು ಅನ್ಕೊಂಡಿದ್ದು ಬೆಳಿಗ್ಗೆ ನೋಡಿದ್ರೆ ಲಿಪ್‌ಸ್ಟಿಕ್ ಬಳಿದ ಹಾಗಿರತ್ತೆ," ಎನ್ನುತ್ತಾರೆ, ಕತ್ತೆತ್ತದೆ.

ಅಂಗಡಿಯಲ್ಲಿ ಎಲ್ಲರಿಗೂ ಇವರು ಧೂಳಕ್ಕ. ಬಿಡಿಭಾಗ ಜೋಡಿಸುವವರು ಬೇರೆ, ಮೊದಲ ಬಣ್ಣ ಹೊಡೆಯುವವರು ಬೇರೆ. ಹೊಚ್ಚ ಹೊಸದಾಗಿ ಹೊಳೆಯುತ್ತ ಬಂದ ಟ್ಯಾಂಕು, ಜೀಪು, ಲಾರಿಗಳಿಗೆ ಧೂಳು, ಕೆಸರು, ಹೊಗೆಮಸಿ ಹಿಡಿಸಿ ಹಳತು ಮಾಡುವುದು ಇವರ ಪಾಲು. ಜೋಡಿಸಿದವರ ಸಹಿ ತಳದಲ್ಲಿರುತ್ತದೆ. ಕೊಳೆಗೆ ಸಹಿ ಹಾಕುವ ರೂಢಿ ಇಲ್ಲ. ಮನೆಯಲ್ಲಿ ಧೂಳು ಒರೆಸು ಎಂದು ಪ್ರಾಣ ತಿನ್ನುವ ಅತ್ತೆ ಅಂಗಡಿಗೆ ಹೋಗಿ ಧೂಳು ಹಚ್ಚಿ ಬರುತ್ತಾರೆ ಎಂದು ಸೊಸೆ ರೇಗಿಸುತ್ತಾಳಂತೆ.

ಇಪ್ಪತ್ತೆರಡು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ, ಇಲ್ಲಿ ನೆಲ ಗುಡಿಸಿ ಕಪಾಟು ಒರೆಸಲು ಸೇರಿಕೊಂಡರು. ಒಂದು ದಿನ ಯಾರೋ ಜೀಪಿನ ಮೇಲೆ ಎಲ್ಲ ಕಡೆ ಸಮನಾಗಿ ಕಂದು ಪುಡಿ ಉದುರಿಸುತ್ತಿದ್ದರು. ನೋಡಿ ಇವರಿಗೆ ಬಾಯಿ ಸುಮ್ಮನಿರಲಿಲ್ಲ. ಧೂಳು ಹಾಗೆ ಕೂರುವುದಿಲ್ಲ, ಮೂಲೆ ಹಿಡಿಯುತ್ತದೆ, ಕೈಯಾಡುವ ಕಡೆ ನಿಲ್ಲುವುದಿಲ್ಲ ಎಂದುಬಿಟ್ಟರು. ಎಲ್ಲರೂ ನಕ್ಕರು. ಅಂಗಡಿಯ ಯಜಮಾನರು ಮಾತ್ರ ನಗದೆ ಪೊರಕೆ ಇಸಿದುಕೊಂಡು ಕುಂಚ ಕೊಟ್ಟರು. ಈಗ ವರ್ಷಕ್ಕೆ ಎಪ್ಪತ್ತು ವಾಹನ, ಒಂದೊಂದಕ್ಕೆ ಮೂರರಿಂದ ನಾಲ್ಕು ದಿನ. ಕನ್ನಡಕ ಐದು ಸಲ ಬದಲಾಗಿದೆ. ಟರ್ಪೆಂಟೈನ್ ತಾಗಿ ತಾಗಿ ಬೆರಳ ತುದಿಗಳು ಬಿರುಕು ಬಿಟ್ಟಿವೆ, ಉಗುರ ಸಂದಿನ ಕಪ್ಪು ಹೋಗುವುದೇ ಇಲ್ಲ. ನೆಂಟರ ಮನೆಯಲ್ಲಿ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾರೆ.

ಯಜಮಾನರ ಲೆಕ್ಕದಲ್ಲಿ ಕೊಳೆಗೆ ಐದು ದರ್ಜೆ. ಒಂದು ಎಂದರೆ ಆಗಷ್ಟೇ ಕಾರ್ಖಾನೆಯಿಂದ ಬಂದದ್ದು, ಐದು ಎಂದರೆ ರಣರಂಗದಲ್ಲಿ ಬಿಟ್ಟುಬಂದದ್ದು. ಸ್ಪರ್ಧೆಗೆ ಕಳಿಸುವವರು ಮೂರು ಕೇಳುತ್ತಾರೆ, ಹೊಸದಾಗಿ ಹುಚ್ಚು ಹತ್ತಿದವರು ಐದು. ಮಿಕ್ಕವರೆಲ್ಲ ಎರಡರಿಂದ ಶುರುಮಾಡಿ ನಾಲ್ಕಕ್ಕೆ ಬಂದು ನಿಲ್ಲುತ್ತಾರೆ. "ಬಾಯಲ್ಲಿ ಎಲ್ರೂ ಸ್ವಲ್ಪ ಸಾಕು ಅಂತಾರೆ. ಎರಡೂ ಎದುರಿಗಿಟ್ರೆ ಕೈ ಹೋಗೋದು ಜಾಸ್ತಿ ಕೊಳೆ ಇರೋದಕ್ಕೇ."

ಕಪಾಟಿನಲ್ಲಿ ಅತಿ ಕೊಳಕಾದದ್ದೇ ಅತಿ ನಿಜವೆಂದು ಇವರ ಕೆಲಸ ನೋಡಲು ಬಂದಿದ್ದ ನನಗೂ ಕಂಡಿತ್ತು. ಹಾಗೆಂದಾಗ ಧೂಳಕ್ಕ ಚಿಮಟ ಕೆಳಗಿಟ್ಟರು. ಮೇಜಿನ ಮೇಲಿರುವ ಟ್ಯಾಂಕಿನ ಕಥೆ ಹೊರಬಂದದ್ದು ಆಗ.

ಎಂಟು ತಿಂಗಳ ಹಿಂದೆ ಒಬ್ಬಾಕೆ ಬಂದು, ತನ್ನ ತಂದೆ ಹರೆಯದಲ್ಲಿ ಓಡಿಸಿದ ಟ್ಯಾಂಕಿನ ಮಾದರಿ ಬೇಕೆಂದಳು. ತಂದೆಗೆ ಎಂಬತ್ತು ತುಂಬುವುದಿತ್ತು. ಕೈಯಲ್ಲೊಂದು ಮಬ್ಬು ಫೋಟೊ, ಅದರಲ್ಲಿ ಟ್ಯಾಂಕಿನ ನಂಬರು. ನಿಜವಾಗಿ ಹೇಗಿತ್ತೋ ಹಾಗೇ ಇರಲಿ ಎಂದಿದ್ದಳು. ಧೂಳಕ್ಕ ಏನನ್ನೂ ಕೇಳಲಿಲ್ಲ. ನಾಲ್ಕೂವರೆ ದರ್ಜೆಗೆ ಹಿಡಿದರು. ಮೊಳೆಮೊಳೆಯಿಂದ ಇಳಿದ ತುಕ್ಕು, ಒಣಗಿ ಬಿರಿದ ಕೆಸರು, ಚಕ್ರದ ನಡುವಿನಿಂದ ಸೋರಿದ ಎಣ್ಣೆ. ತಮ್ಮ ಕೈಯಿಂದ ಬಂದ ಅತ್ಯುತ್ತಮ ಕೆಲಸ ಅದು ಎಂದು ಈಗಲೂ ಒಪ್ಪುತ್ತಾರೆ, ತಲೆ ತಗ್ಗಿಸಿ.

ತಂದೆಯೇ ನೋಡಲು ಬಂದರು. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, ಈ ಎಣ್ಣೆ ಎಲ್ಲಿಂದ ಬಂತೆಂದು ಕೇಳಿದರು. ಧೂಳಕ್ಕ ಹುರುಪಿನಿಂದ ವಿವರಿಸಿದರು. ಹಿರಿಯರು ಕರವಸ್ತ್ರ ತೆಗೆದು ಚಕ್ರ ಒರೆಸಿದರು. ಕಲೆ ಹೋಗಲಿಲ್ಲ.

"ನಮ್ಮ ಗಾಡೀಲಿ ಎಣ್ಣೆ ಸೋರ್ತಿರಲಿಲ್ಲಮ್ಮ," ಎಂದರಂತೆ. "ದಿನಾ ಬೆಳಿಗ್ಗೆ ನಾಲ್ಕೂ ಜನ ಸೇರಿ ಒರೆಸ್ತಿದ್ವಿ. ಸೋರೋಕೆ ಬಿಟ್ಟಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ."

ಸಿಟ್ಟಾಗಲಿಲ್ಲ. ಮಾದರಿಯನ್ನು ಅಲ್ಲೇ ಬಿಟ್ಟು ಹೋದರು.

"ನಾನೇ ಒರೆಸೋ ಕೆಲಸದಿಂದ ಬಂದವಳು," ಎನ್ನುತ್ತಾರೆ ಧೂಳಕ್ಕ. "ಅದನ್ನೂ ಯಾರೋ ಒರೆಸಿರ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ನೋಡಿ."

ಇಷ್ಟಕ್ಕೇ ಮುಗಿಯಲಿಲ್ಲ. ಮರುವಾರ ಒಬ್ಬ ಸಂಗ್ರಾಹಕರು ಆ ಟ್ಯಾಂಕನ್ನು ಕಂಡು ಮನಸೋತರು. ನಂಬರು ಅಳಿಸಿ ಕೊಡೋಣವೇ ಎಂದು ಯಜಮಾನರು ಇವರನ್ನೇ ಕೇಳಿದರು. ಕೆಲಸ ಅಷ್ಟು ಚೆನ್ನಾಗಿ ಕೂತಿದೆ, ಇರಲಿ ಬಿಡಿ ಎಂದವರು ಇವರೇ. ಇದನ್ನು ಹೇಳುವಾಗ ಎದ್ದು ಹೋಗಿ ಕಿಟಕಿಯತ್ತ ಮುಖ ಮಾಡಿ ನಿಲ್ಲುತ್ತಾರೆ. ಆ ನಾಲ್ವರ ನಂಬರು ಹೊತ್ತು, ಎಣ್ಣೆ ಸೋರಿಸಿಕೊಂಡು, ಟ್ಯಾಂಕು ಈಗ ಯಾರದೋ ಗಾಜಿನ ಕಪಾಟಿನಲ್ಲಿದೆ. ಹಿರಿಯರಿಗೆ ಇದು ಗೊತ್ತಿಲ್ಲ.

ಆಮೇಲೆ ಮೂರು ಭಾನುವಾರ ಹಿರಿಯರ ಮನೆಗೆ ಹೋಗಿ, ಟ್ಯಾಂಕಿನಲ್ಲಿ ನಿಜಕ್ಕೂ ಎಲ್ಲೆಲ್ಲಿ ಬಣ್ಣ ಹೋಗಿತ್ತೆಂದು ಕೇಳಿಕೊಂಡರು. ಟ್ಯಾಂಕಿನೊಳಗೆ ಇಳಿಯುವ ಬಾಯಿಯ ಅಂಚು, ಬೂಟು ತಾಗಿ. ಎಡಗಡೆಯ ಹಿಡಿ, ಹತ್ತುವವರೆಲ್ಲ ಹಿಡಿದು. ಗುಂಡು ತುಂಬುವ ಹುಡುಗನೊಬ್ಬ ಕೂತು ಕಾಗದ ಬರೆಯುತ್ತಿದ್ದ ಜಾಗ. ಅವನು ವಾಪಸು ಬರಲಿಲ್ಲವಂತೆ. ಸವೆತವೇ ಬೇರೆ, ಕೊಳೆಯೇ ಬೇರೆ ಎಂದು ಇಪ್ಪತ್ತೆರಡು ವರ್ಷದ ಮೇಲೆ ತಿಳಿಯಿತು ಎನ್ನುತ್ತಾರೆ. ಅಂಗಡಿ ತೆರೆಯುವ ಮುಂಚಿನ ಹೊತ್ತಿನಲ್ಲಿ ಹಿರಿಯರಿಗಾಗಿ ತಯಾರಾಗಿರುವ, ಮೇಜಿನ ಮೇಲಿನ ಈ ಎರಡನೆಯ ಟ್ಯಾಂಕಿನ ಮೇಲೆ ಇರುವುದು ಮೂರೇ ಗುರುತು. ಇದೇನು ಆಟಿಕೆಯ ಹಾಗಿದೆ ಎಂದು ಯಜಮಾನರು ಮೂಗು ಮುರಿದಿದ್ದಾರೆ. ನಂಬರಿನ ಜಾಗ ಮಾತ್ರ ಖಾಲಿ. ನಿಜ ಹೇಳದೆ ಅದನ್ನು ಬರೆಯಲು ಕೈ ಬರುತ್ತಿಲ್ಲ.

ಅದೇ ದಿನ ಹತ್ತು ಗಂಟೆಗೆ ಟ್ಯಾಂಕನ್ನು ಹತ್ತಿಯಲ್ಲಿ ಸುತ್ತಿಕೊಂಡು ಹಿರಿಯರ ಮನೆಗೆ ಹೊರಡುತ್ತಾರೆ. ಜೊತೆಗೆ ನಾನೂ. ಹಿರಿಯರು ಊಟದ ಮೇಜಿನ ಮೇಲೆ ಅದನ್ನು ಸುತ್ತ ತಿರುಗಿಸಿ ನೋಡಿ, ಎಡಗಡೆಯ ಹಿಡಿ ಇನ್ನೂ ಸ್ವಲ್ಪ ಸವೆದಿತ್ತು ಎನ್ನುತ್ತಾರೆ. ಧೂಳಕ್ಕ ಚೀಲದಿಂದ ಸ್ಪಂಜು ತೆಗೆದು ಅಲ್ಲೇ ಸರಿಮಾಡುತ್ತಾರೆ. ಹಿರಿಯರು ಮೆಲ್ಲಗೆ ಆ ಹಿಡಿಯನ್ನು ಉಗುರಿನಿಂದ ಮುಟ್ಟುತ್ತಾರೆ. ಈಗ ನಂಬರ್ ಬರಿ ತಾಯಿ ಎಂದಾಗ ಧೂಳಕ್ಕ ಕುಂಚ ತೆಗೆಯುವುದಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಹೇಳುತ್ತಾರೆ, ಇರಲಿ ಬಿಡಿ ಎಂದದ್ದನ್ನೂ.

ಹಿರಿಯರ ಮಗಳು ಒಳಗಿನಿಂದ ನೀರು ತಂದವಳು ಬಾಗಿಲಲ್ಲೇ ನಿಲ್ಲುತ್ತಾಳೆ. ಹಿರಿಯರು ಕನ್ನಡಕ ಮಡಿಚಿ ಜೇಬಿಗಿಡುತ್ತಾರೆ.

"ಒಂದು ನಂಬರಿಗೆ ಎರಡು ಗಾಡಿ ಇರಲ್ಲಮ್ಮ. ಅದರ ಮೇಲಿಂದ ಹೋಗಲಿ, ಆಮೇಲೆ ಇದಕ್ಕೆ ಬರಿ."

ಟ್ಯಾಂಕನ್ನು ಮಾತ್ರ ವಾಪಸು ಕೊಡುವುದಿಲ್ಲ. ನಂಬರಿಲ್ಲದೆಯೇ ಅದು ಅವರ ಮೇಜಿನ ಮೇಲೆ ಉಳಿಯುತ್ತದೆ.

ನಂಬರು ಅಳಿಸಲು ಬಿಡಿ ಎಂದು ಸಂಗ್ರಾಹಕರಿಗೆ ಧೂಳಕ್ಕ ಈಗಾಗಲೇ ಮೂರು ಸಲ ಫೋನು ಮಾಡಿದ್ದಾರೆ. ನಂಬರು ಇದ್ದರೇ ಅದಕ್ಕೊಂದು ಕಥೆ ಎಂಬುದು ಆ ಕಡೆಯ ಉತ್ತರ. ನಾಳೆ ಅವರ ಮನೆಗೇ ಹೋಗುವ ಯೋಚನೆ ಇದೆ. ಅಲ್ಲಿ ಏನು ಕೇಳುತ್ತೀರಿ ಎಂದರೆ, ವಾಪಸು ದಾರಿಯಲ್ಲಿ ನಡೆಯುತ್ತಲೇ ಹೇಳುತ್ತಾರೆ:

"ಹತ್ತು ನಿಮಿಷ ಕೊಟ್ರೆ ಸಾಕು. ಒಂದು ಹತ್ತಿಕಡ್ಡಿ, ಎರಡು ಹನಿ ಟರ್ಪೆಂಟೈನ್, ಅಷ್ಟೇ. ಎಣ್ಣೆ ಕಲೆ ಬೇಕಾದ್ರೆ ಇಟ್ಕೊಳ್ಳಲಿ, ಅದು ನಂದು. ನಂಬರ್ ಆ ನಾಲ್ಕು ಜನರದು."