ಅಪ್ಪನ ಕಂಪ್ಯೂಟರ್ ನಿಲ್ಲಿಸಿದ ಮೆಸೇಜು

ಬಸವೇಶ್ವರನಗರದ ನಮ್ಮನೆ ಹಾಲ್‌ನಲ್ಲಿ, ಟಿವಿ ಪಕ್ಕ, ಅಪ್ಪನ ಹಳೇ ಕಂಪ್ಯೂಟರ್ ಹಗಲಿಡೀ ಓಡ್ತಿತ್ತು. ಮೇಷ್ಟರ ಕೆಲಸದಿಂದ ರಿಟೈರ್ ಆದಮೇಲೆ ಅವರಿಗೆ ಹಿಡಿದ ಹುಚ್ಚು, ಯಾವುದೋ ಸಣ್ಣ ಕ್ರಿಪ್ಟೋ ನಾಣ್ಯದ ಸಾಫ್ಟ್‌ವೇರ್. ಅದರಲ್ಲಿ ಅಪ್ಪ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ. ಯಾರು ಯಾರಿಗೆ ಏನು ಕಳಿಸಿದರು ಅನ್ನೋದನ್ನ ಎಲ್ಲೆಲ್ಲಿನವೋ ಕಂಪ್ಯೂಟರ್‌ಗಳು ಒಂದನ್ನೊಂದು ಕೇಳಿ ತಾಳೆ ನೋಡ್ತವಂತೆ, ಅದರಲ್ಲಿ ನಮ್ಮದೂ ಒಂದು. "ಇವತ್ತು ಹದಿನೇಳು ಜನ ಬಂದಿದ್ದಾರೆ ಕಣಮ್ಮ" ಅಂತ ಬೆಳಗ್ಗೆ ಕಾಫಿ ಲೋಟ ಹಿಡಿದು, ನಮ್ಮದಕ್ಕೆ ಸೇರಿಕೊಂಡ ಕಂಪ್ಯೂಟರ್‌ಗಳ ಲೆಕ್ಕವನ್ನ ನೆಂಟರ ಸುದ್ದಿ ಥರ ಹೇಳೋರು.

ಒಂದು ವಾರ ಆ ಸಾಫ್ಟ್‌ವೇರ್ ದಿನಾ ತಂತಾನೇ ನಿಂತುಹೋಗ್ತಿತ್ತು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು, ಕೆಟ್ಟದ್ದು ಕಂಡರೆ ಕೈ ಸುಮ್ಮನಿರಲ್ಲ. ಶನಿವಾರ ಕೆದಕೋಕೆ ಕೂತವಳು ಊಟಾನೇ ಮರೆತೆ. ಕೊನೆಗೂ ಸಿಕ್ತು! ಯಾವುದೋ ಕಂಪ್ಯೂಟರ್ "ಕೋಟಿಗಟ್ಟಲೆ ಸಾಲು ಲೆಕ್ಕ ಕಳಿಸ್ತೀನಿ" ಅಂತ ಒಂದೇ ಒಂದು ಮೆಸೇಜ್ ಹಾಕುತ್ತೆ. ನಮ್ಮದು ಒಂದು ಸಾಲೂ ಬರೋ ಮುಂಚೆ ಅಷ್ಟಕ್ಕೂ ಮೆಮೊರಿಯಲ್ಲಿ ಜಾಗ ಹಿಡಿಯೋಕೆ ಹೋಗಿ ಕುಸಿಯುತ್ತೆ. ಐನೂರು ಜನ ಊಟಕ್ಕೆ ಬರ್ತೀವಿ ಅಂತ ಯಾರೋ ಫೋನ್ ಮಾಡಿದ್ದಕ್ಕೇ ಮನೆ ತುಂಬ ಎಲೆ ಹಾಕಿ, ಕಾಲಿಡಕ್ಕೂ ಜಾಗ ಇಲ್ಲದ ಹಾಗೆ ಮಾಡ್ಕೊಂಡಂತೆ. ಅಬ್ಬಾ, ಎಷ್ಟು ಸಣ್ಣ ತಪ್ಪು! ನನಗೆ ಖುಷಿಯೋ ಖುಷಿ.

ಅಂಥ ಮೆಸೇಜ್ ತಡೆಯೋ ಒಂದು ಸಾಲು ಕೋಡನ್ನ ಅಪ್ಪನ ಕಂಪ್ಯೂಟರ್‌ಗೆ ಸೇರಿಸಿದೆ. ಆಮೇಲೆ ಆಫೀಸಿನ ಅಭ್ಯಾಸ ಬಿಡುತ್ತಾ? ಆ ಸಾಫ್ಟ್‌ವೇರನ್ನ ಬೀಳಿಸೋದು ಹೇಗೆ ಅಂತ ಹಂತಹಂತವಾಗಿ ಬರೆದು, ಅದನ್ನ ಬಳಸೋರೆಲ್ಲ ಓದೋ ಇಂಟರ್ನೆಟ್ ಫೋರಂಗೆ ಹಾಕಿಬಿಟ್ಟೆ. ಯಾರು ಓದಿದರೂ ತಾವೇ ಮಾಡಿ ನೋಡೋ ಹಾಗಿರಬೇಕು, ನಮ್ಮ ಕಸುಬಲ್ಲಿ ಒಳ್ಳೇ ರಿಪೋರ್ಟ್ ಅಂದ್ರೆ ಅದೇ. ಸೋಮವಾರ ಮೆಟ್ರೋದಲ್ಲಿ ನಿಂತ್ಕೊಂಡು ಎಷ್ಟು ಜನ ಮೆಚ್ಚಿದಾರೆ ಅಂತ ನೋಡ್ತಾ ಹೋದೆ.

ಮಂಗಳವಾರ ಅಪ್ಪ ಕಾಫಿ ಮುಟ್ಟಿರಲಿಲ್ಲ. "ಇಬ್ಬರೇ ಇದ್ದಾರಲ್ಲಮ್ಮ. ಮಿಕ್ಕವರೆಲ್ಲ ಎಲ್ಲಿ ಹೋದ್ರು?"

ಫೋರಂ ತೆರೆದೆ. ಸಾಫ್ಟ್‌ವೇರ್ ಬರೆದವರೊಬ್ಬರು ಬೇಡಿಕೊಂಡಿದ್ದರು: ದಯವಿಟ್ಟು ಅಳಿಸಿ, ಇದನ್ನ ನಮಗಷ್ಟೇ ಗುಟ್ಟಾಗಿ ಹೇಳಬೇಕಿತ್ತು, ಯಾರೋ ನಿಮ್ಮ ಹಂತಗಳನ್ನೇ ನೋಡ್ಕೊಂಡು ಎಲ್ಲರ ಕಂಪ್ಯೂಟರ್ ಬೀಳಿಸ್ತಿದ್ದಾರೆ. ತಕ್ಷಣ ಅಳಿಸಿದೆ. ನಾಚಿಕೆ ಅಂದ್ರೆ ನಾಚಿಕೆ. ಅಪ್ಪನಿಗೆ ಎಲ್ಲಾ ಹೇಳಿದೆ.

ಅಪ್ಪ ಬೈಯಲಿಲ್ಲ. "ನಮ್ಮದಕ್ಕೆ ಏನೋ ಒಂದು ಸಾಲು ಹಾಕಿದ್ಯಲ್ಲ, ಅದನ್ನ ಅವರಿಗೂ ಹೇಳಿದ್ಯಾ?" ಅಂತ ಕೇಳಿದರು.

ಫೋರಂನಲ್ಲಿ ಬೀಳಿಸೋಕೆ ಏಳು ಹಂತ ಬರೆದಿದ್ದೆ. ತಡೆಯೋ ಆ ಒಂದು ಸಾಲು ಬರೆದೇ ಇರಲಿಲ್ಲ.