ತುಪ್ಪದ ಮಿಳ್ಳೆ ಯಾರ ಕೈಯಲ್ಲಿ

ಯಜಮಾನರ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ಗೊತ್ತಾದ ದಿನವೇ ಅತ್ತೆ ನನ್ನ ಕೈಯಿಂದ ತುಪ್ಪದ ಮಿಳ್ಳೆ ಕಿತ್ತುಕೊಂಡರು. "ನಿನ್ನ ಕೈಗುಣ ಸರಿ ಇಲ್ಲ ಕಣೇ." ಅಂದಿನಿಂದ ನಮ್ಮ ರಾಜಾಜಿನಗರದ ಮನೆಯಲ್ಲಿ ಹಬ್ಬದೆಲೆಗೆ ತುಪ್ಪ ಬಡಿಸುವವಳು ಓರಗಿತ್ತಿ. ನನಗೆ ಉಪ್ಪು, ನೀರು ಬಡಿಸುವ ಕೆಲಸ.

ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಅಕ್ಕನ ಮಗಳು ತನ್ನ ಪ್ರಯೋಗಕ್ಕೆ ಆರೋಗ್ಯವಾಗಿರುವವರು ಬೇಕು ಅಂದಾಗ ನಾನೇ ಹೋಗಿ ಕೂತೆ. ಎರಡು ದಿನದ ಪರೀಕ್ಷೆ; ಎರಡೂ ದಿನ ಒಂದೇ ಥರದ ತುಪ್ಪದ ದೋಸೆ ತಿನ್ನಿಸಿ ರಕ್ತ ತೆಗೆದರು. ಒಂದು ದಿನ ಮಾತ್ರ ಮೂಗಿಗೆ ಮಾಸ್ಕ್ ಹಾಕಿ ಆಮ್ಲಜನಕ ಕಡಿಮೆಯಿರುವ ಗಾಳಿ ಕೊಟ್ಟರು. ಆ ದಿನ ನನ್ನ ರಕ್ತದಲ್ಲೂ, ತಿಂದ ಮೇಲೆ ಏರಿದ ಕೊಬ್ಬು ಬೇಗ ಇಳಿಯಲಿಲ್ಲ.

"ಚಿಕ್ಕಪ್ಪಂಗೆ ಗೊರಕೆ ಮಧ್ಯೆ ಉಸಿರು ಕಟ್ಟುತ್ತಲ್ಲ ಚಿಕ್ಕಮ್ಮ, ಆಗ್ಲೂ ಹೀಗೇ ಆಮ್ಲಜನಕ ಕಡಿಮೆ ಆಗುತ್ತೆ, ಅದನ್ನೂ ಡಾಕ್ಟರಿಗೆ ತೋರ್ಸಿ. ಬರೀ ತುಪ್ಪಾನೇ ಬೈಬೇಡಿ," ಎಂದಳು.

ಗೆದ್ದವಳ ಹಾಗೆ ಬಂದು ಮನೆಯಲ್ಲಿ ಹೇಳಿದೆ.

"ನನ್ನ ಮಗನಿಗೆ ಉಸಿರಾಡೋಕೂ ಬರಲ್ಲ ಅಂತೀಯೇನೇ?" ಅತ್ತೆ ಸಿಡಿದರು.

"ನಾನೆಲ್ಲೇ ಗೊರಕೆ ಹೊಡೀತೀನಿ?" ಯಜಮಾನರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. ಡಾಕ್ಟರ ಹತ್ತಿರವೂ ಹೋಗಲಿಲ್ಲ.

ಗೌರಿ ಹಬ್ಬದ ದಿನ ಓರಗಿತ್ತಿ ಯಜಮಾನರ ಅನ್ನಕ್ಕೆ ಧಾರೆಯಾಗಿ ತುಪ್ಪ ಸುರಿದಳು. "ಇನ್ನೊಂಚೂರು ಹಾಕಮ್ಮ, ನಿನ್ನ ಕೈದು ಏನೂ ಮಾಡಲ್ಲ," ಎಂದರು ಅತ್ತೆ.

ನಾನು ಎಲೆಯ ತುದಿಗೆ ಉಪ್ಪು ಹಾಕಿ ಮುಂದೆ ಹೋದೆ.