ನುಚ್ಚಿನಷ್ಟು ಚಿನ್ನದ ಸದ್ದು

ನಾಮೊರಿ ಕುಲಿಬಾಲಿ ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವನು. ಚಿನ್ನ ಹುಡುಕುವ ಮೆಷಿನ್ನುಗಳು ನಮ್ಮ ಬಾಫೆರೆ ಊರಿಗೆ ಬಂದ ವರ್ಷ ಪಂಕ್ಚರಿನ ಬೋಗುಣಿಯನ್ನು ಬದಿಗಿಟ್ಟು, ನೇರೆ ಮರದ ಕೆಳಗೆ ಅದೇ ಮಣೆಯ ಮೇಲೆ ಕುಳಿತು, ಅವನ್ನು ಪರೀಕ್ಷಿಸಿ ಹದಗೊಳಿಸುವ ಕೆಲಸಕ್ಕೆ ತೊಡಗಿದ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನದಿಯಾಚೆಯ ಊರುಗಳಿಂದಲೂ ಜನ ಮೋಟಾರ್ ಸೈಕಲ್ಲಿನ ಮೇಲೆ ಮೆಷಿನ್ನು ಕಟ್ಟಿಕೊಂಡು ಬಂದು, ಅವನ ಮುಂದೆ ರೋಗಿಯ ಮನೆಯವರಂತೆ ಕೂರುತ್ತಿದ್ದರು. ಈಗ ಆ ಮರವೂ ಇಲ್ಲ, ಆ ಬಗೆಯ ಕಾಯುವಿಕೆಯೂ ಇಲ್ಲ.

ಅವನ ವಿಧಾನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಮೆಷಿನ್ನಿನ ತಟ್ಟೆಯನ್ನು ಕೆಂಪು ನೆಲದ ಮೇಲೆ ನಿಧಾನವಾಗಿ ಎತ್ತುತ್ತ ಇಳಿಸುತ್ತ, ನೆಲದ ಸದ್ದು ಅಡಗುವವರೆಗೆ ತಿರುಪನ್ನು ತಿರುಗಿಸುತ್ತಿದ್ದ. ನಮ್ಮ ಮಣ್ಣಿನಲ್ಲಿ ಅರ್ಧ ಕಬ್ಬಿಣವೇ. ಆಮೇಲೆ ಸೋರೆಬುರುಡೆಯ ಚೂರೊಂದನ್ನು ನೆಲದ ಮೇಲಿಡುತ್ತಿದ್ದ. ಅದಕ್ಕೆ ಅಕ್ಕಿಯ ನುಚ್ಚಿನಷ್ಟು ಚಿನ್ನವನ್ನು ಅಂಟಿಸಿರುತ್ತಿದ್ದ. ಮೆಷಿನ್ನಿನ ಕಿವಿಯನ್ನು ಹೆಚ್ಚು ಚುರುಕುಗೊಳಿಸಿದರೆ ಮಣ್ಣೇ ಕೂಗುತ್ತದೆ. ಮಂದಗೊಳಿಸಿದರೆ ಸಣ್ಣ ಚಿನ್ನ ಕೇಳಿಸದೆ ಹೋಗುತ್ತದೆ. ಇವೆರಡರ ನಡುವಿನ ಹದ ಸಿಗುವವರೆಗೆ ನಾಮೊರಿ ಬಾಯಲ್ಲಿದ್ದ ಕೋಲಾ ಕಾಯಿಯನ್ನೂ ಅಗಿಯುತ್ತಿರಲಿಲ್ಲ.

ಅವನ ಕೆಲಸದ ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಹೆಂಗಸರ ನೆಲದ ಮೇಲೆ. ಹಳ್ಳದ ಪಕ್ಕದ ಆ ಪಟ್ಟಿಯಲ್ಲಿ ನಮ್ಮ ತಾಯಂದಿರು, ಅವರ ತಾಯಂದಿರು ಸೋರೆಬುರುಡೆಯಲ್ಲಿ ಮಣ್ಣು ತೊಳೆದು ಚಿನ್ನ ತೆಗೆದವರು. ಹೆಂಗಸರು ತೊಳೆದರೆ ಅರ್ಧ ಚಿನ್ನ ನೆಲದಲ್ಲೇ ಉಳಿಯುತ್ತದೆ, ನೆಲವನ್ನು ಮೆಷಿನ್ನಿರುವ ತಮಗೆ ಕೊಡಬೇಕೆಂದು ಗಂಡಸರು ಕೇಳತೊಡಗಿದರು. ಆಗ ನಾವೂ ಒಂದು ಹಳೆಯ ಮೆಷಿನ್ನನ್ನು ತಂದೆವು. ಚಿನ್ನದ ಗುಂಡಿಗಳ ಕಾವಲು, ನ್ಯಾಯ ಎರಡನ್ನೂ ನೋಡುವ ಹಿರಿಯ ಬುರಮಾ ತೀರ್ಪು ಕೊಟ್ಟ: ಭಾನುವಾರ ಬೆಳಿಗ್ಗೆ ತಾನು ಮೂರು ನುಚ್ಚು ಚಿನ್ನ ಹೂಳುವುದಾಗಿಯೂ, ಹೆಂಗಸರ ಮುಖ್ಯಸ್ಥೆ ಸ್ವಂತ ಕೈಯಿಂದ ಮೂರನ್ನೂ ಹುಡುಕಿದರೆ ನೆಲ ಅವರದೇ ಎಂದೂ, ಒಂದು ತಪ್ಪಿದರೂ ಗಂಡಸರದೆಂದೂ.

ಮುಖ್ಯಸ್ಥೆ ನನ್ನ ದೊಡ್ಡಮ್ಮ, ದೂಸು ಕೇತಾ. ಅವಳ ಎದುರು ಬುರಮಾ ಕೂಡ ದನಿ ತಗ್ಗಿಸುತ್ತಿದ್ದ. ಕೇತಾ ಮತ್ತು ಕುಲಿಬಾಲಿ ಕುಲದವರು ಮಾತ್ರ ಹಳೆಯ ವಾಡಿಕೆಯಂತೆ, ಅಲಸಂದೆ ತಿನ್ನುವವರೆಂದು ಹಂಗಿಸುವುದರಿಂದ ಹಿಡಿದು, ಒಬ್ಬರನ್ನೊಬ್ಬರು ತಮಾಷೆಗೆ ಏನು ಬೇಕಾದರೂ ಅನ್ನಬಹುದು; ಕೋಪ ಮಾಡಿಕೊಂಡವರಿಗೇ ಅವಮಾನ.

ಶುಕ್ರವಾರ ನಾಮೊರಿ ಮೆಷಿನ್ನನ್ನು ಹದಗೊಳಿಸಿದ. ಅವನ ಕೈಯಲ್ಲಿ ಅದು ನುಚ್ಚನ್ನು ಸ್ಪಷ್ಟವಾಗಿ ಹಿಡಿಯಿತು. ದೊಡ್ಡಮ್ಮನ ಕೈಗೆ ಬಂದೊಡನೆ ಒಂದೇ ಸಮನೆ ಕಿರುಚಿತು.

"ಲೋ ಅಲಸಂದೆ ತಿನ್ನೋನೇ, ನಿನ್ನ ಹೊಟ್ಟೆಯ ಸದ್ದನ್ನೇ ಇದರೊಳಗೆ ತುಂಬಿದೀಯಾ?" ಎಂದಳು ದೊಡ್ಡಮ್ಮ.

"ನಿಮ್ಮ ಗತ್ತು ನೋಡಿ ಹೆದರಿದೆ ಕಣಮ್ಮಾ ಮಹಾರಾಣಿ. ಬಳೆ ತೆಗೀರಿ."

ಬಳೆ ತೆಗೆದಳು, ಓಲೆ ತೆಗೆದಳು, ಚಪ್ಪಲಿಯನ್ನೂ ಬಿಟ್ಟಳು. ಕಿರುಚಾಟ ನಿಲ್ಲಲಿಲ್ಲ. ನಾಮೊರಿ ಮೆಷಿನ್ನನ್ನು ಮಂದಗೊಳಿಸಿದ; ಕಿರುಚಾಟದೊಂದಿಗೆ ನುಚ್ಚಿನ ಸದ್ದೂ ಅಡಗಿತು. ಶನಿವಾರ ಮಧ್ಯಾಹ್ನದವರೆಗೆ ತಂತಿ ಬಿಚ್ಚಿ ಕಟ್ಟಿದ, ತಟ್ಟೆಯ ಮುಚ್ಚಳ ತೆಗೆದು ಕಪ್ಪು ಮರಳು ಒರೆಸಿದ. ಕೊನೆಗೆ ಮೆಷಿನ್ನನ್ನು ನೋಡುವುದನ್ನೇ ಬಿಟ್ಟು ನೆಲದ ಮೇಲೆ ಕೆನ್ನೆಯಿಟ್ಟು ಮಲಗಿ, ದೊಡ್ಡಮ್ಮ ತಟ್ಟೆ ಆಡಿಸುವುದನ್ನು ಗಮನಿಸಿದ. ತಟ್ಟೆ ಅವಳ ಬಲಗಾಲಿನ ಹತ್ತಿರ ಬಂದಾಗಲೆಲ್ಲ ಸದ್ದು ಇನ್ನೂ ಜೋರಾಗುತ್ತಿತ್ತು.

ಅವನು ಎದ್ದು ಕುಳಿತ. ಅವನಿಗೆ ಅರ್ಥವಾಗಿತ್ತು, ನಮಗೂ ಅರ್ಥವಾಯಿತು. ಚಿನ್ನವೆಂದರೆ ನೆಲದಡಿಯ ಭೂತಗಳಾದ ಜಿನ್ನುಗಳ ಸ್ವತ್ತು. ತಾಯಿತವಿಲ್ಲದೆ ಆ ನೆಲಕ್ಕೆ ಯಾರೂ ಕಾಲಿಡರು. ದೊಡ್ಡಮ್ಮನದು ಅವಳ ಕಣಕಾಲಿನಲ್ಲಿ, ಉಟ್ಟ ಬಟ್ಟೆಯ ಮರೆಯಲ್ಲಿತ್ತು. ತೊಗಲಿನ ಚೀಲದೊಳಗೆ ಹೊಲಿದದ್ದು ಅವಳ ಗಂಡನ ಬಾಣದ ಮೊನೆ. ಬೇಟೆಗಾರನಾಗಿದ್ದ ಅವನೇ ಕಟ್ಟಿದ್ದು. ಅವನು ಸತ್ತು ಹತ್ತೊಂಬತ್ತು ವರ್ಷ. ನಮ್ಮಲ್ಲಿ ತಾಯಿತವನ್ನು ಕಬ್ಬಿಣವೆಂದು ಯಾರೂ ಎಣಿಸರು, ಅದು ಮೈಯ ಭಾಗ. ಪರಸ್ತ್ರೀಯ ಕಣಕಾಲಿನ ಮಾತೆತ್ತುವ ಗಂಡಸಂತೂ ಊರಿನಲ್ಲಿರಲಿಲ್ಲ.

"ಅಮ್ಮಾ," ಎಂದ ನಾಮೊರಿ, "ನಿಮ್ಮ ಯಜಮಾನರು ಸತ್ತ ಮೇಲೂ ನಿಮ್ಮ ಕಾಲು ಹಿಡ್ಕೊಂಡು ಕೂತಿದಾರೆ. ಒಂದು ಬೆಳಿಗ್ಗೆ ಮಟ್ಟಿಗೆ ರಜ ಕೊಡಿ ಪಾಪ."

ಯಾರೂ ನಗಲಿಲ್ಲ. ದೊಡ್ಡಮ್ಮ ಮೆಷಿನ್ನನ್ನು ಅಲ್ಲೇ ಇಟ್ಟು ಮನೆಗೆ ನಡೆದಳು. ಆ ಸಂಜೆ ನಮ್ಮ ಮನೆಗಳಲ್ಲಿ ಬಡಿಸಿದ ಅನ್ನ ಹಾಗೆಯೇ ಉಳಿಯಿತು.

ಭಾನುವಾರ ಬುರಮಾ ನುಚ್ಚುಗಳನ್ನು ಹೂಳಿ, ನೆಲವನ್ನು ಪೊರಕೆಯಿಂದ ಗುಡಿಸಿ ನಿಂತಿದ್ದ. ದೊಡ್ಡಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ನೇರವಾಗಿ ನಾಮೊರಿಯ ಮುಂದೆ ನಿಂತು, ಬಾಗಿ, ತಾಯಿತವನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನೆಲಕ್ಕೆ ತಾಗಿಸಿದ್ಯೋ, ನಿನ್ನ ಏಳು ತಲೆಮಾರಿಗೂ ಅಲಸಂದೆ ಬೇಯಬಾರದು, ನೋಡ್ಕೋ!"

ತಾಯಿತವನ್ನು ನೆಲಕ್ಕಿಡುವಂತಿಲ್ಲ, ಒಮ್ಮೆ ಹಿಡಿದವನು ಇನ್ನೊಬ್ಬರ ಕೈಗೆ ದಾಟಿಸುವಂತಿಲ್ಲ, ಮೆಷಿನ್ನಿನ ಬಳಿಗೆ ತರುವಂತೆಯೂ ಇಲ್ಲ. ನಾಮೊರಿ ಮೂವತ್ತು ಹೆಜ್ಜೆ ದೂರ ಹೋಗಿ, ಬಿಸಿಲಿನಲ್ಲಿ ಕೈ ಎತ್ತಿ ಹಿಡಿದು ನಿಂತ. ತಾನು ಎರಡು ದಿನ ಹದಗೊಳಿಸಿದ ಮೆಷಿನ್ನು ಏನು ಹೇಳುತ್ತಿದೆಯೆಂದು ಅಲ್ಲಿಂದ ಅವನಿಗೆ ಕೇಳಿಸುವಂತಿರಲಿಲ್ಲ. ದೊಡ್ಡಮ್ಮ ಬರಿಗಾಲಿನಲ್ಲಿ, ಜಿನ್ನುಗಳ ನೆಲದ ಮೇಲೆ, ಹೊಸ ಸೊಸೆಯಂತೆ ಅಳುಕುತ್ತ ಹೆಜ್ಜೆಯಿಟ್ಟಳು. ಮೊದಲನೆಯ ನುಚ್ಚು ಬೇಗ ಸಿಕ್ಕಿತು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಮೂರನೆಯದು ಇಲ್ಲವೇ ಇಲ್ಲ. ಗಂಡಸರು ಪಿಸುಗುಟ್ಟತೊಡಗಿದರು. ದೂರದಲ್ಲಿ ನಾಮೊರಿಯ ಎತ್ತಿದ ತೋಳು ಸೋತು ಇಳಿಯತೊಡಗಿತ್ತು. ಇನ್ನೊಂದು ಕೈಯಿಂದ ಅದನ್ನು ಆನಿಸಿಕೊಂಡ.

ದೊಡ್ಡಮ್ಮ ನಿಂತಳು. ತಟ್ಟೆಯನ್ನು ನೆಲದ ಮೇಲೆ ನಿಧಾನವಾಗಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಶುಕ್ರವಾರದಿಂದ ಅವನು ಮಾಡುವುದನ್ನು ನೋಡಿದ್ದಳಲ್ಲ. ತಿರುಪನ್ನು ಉಗುರಿನಷ್ಟು ತಿರುಗಿಸಿ ಬಂದ ದಾರಿಯಲ್ಲೇ ಹಿಂದಿರುಗಿದಳು. ನಾಲ್ಕನೆಯ ಹೆಜ್ಜೆಗೆ ಮೊಣಕಾಲೂರಿ ಮಣ್ಣನ್ನು ಚಿಟಿಕೆಯಲ್ಲಿ ತೆಗೆದಳು. ಬುರಮಾ ಬಂದು ನೋಡಿ, ತಲೆಯಾಡಿಸಿ, ನೆಲ ಹೆಂಗಸರದೇ ಎಂದ.

ನಾವೆಲ್ಲ ಕೂಗಾಡುತ್ತಿರುವಾಗ ದೊಡ್ಡಮ್ಮ ಮೂವತ್ತು ಹೆಜ್ಜೆ ನಡೆದು ಕಾಲು ಚಾಚಿದಳು. ನಾಮೊರಿ ಕಣ್ಣನ್ನು ಪಕ್ಕಕ್ಕೆ ಹೊರಳಿಸಿ ತಾಯಿತ ಕಟ್ಟಿದ. ಸೋತ ಕೈಯಿಂದ ಗಂಟು ಎರಡು ಸಲ ಜಾರಿತು.

"ಆ ಮೂರನೇದು," ಎಂದ ಅವನು, "ಹೇಗೆ ಕೂಗ್ತಮ್ಮಾ?"

ನನ್ನ ದೊಡ್ಡಮ್ಮ ಹಾಡಿದ್ದನ್ನು, ಸಿಳ್ಳೆ ಹಾಕಿದ್ದನ್ನು, ಮಗುವನ್ನು ಮುದ್ದಿಸಿದ್ದನ್ನು ನಾನು ಕಂಡವಳಲ್ಲ. ಆ ದಿನ ಅವಳು ಇಡೀ ಊರಿನ ಮುಂದೆ ತುಟಿ ಮೊನಚು ಮಾಡಿ, ಕಣ್ಣು ಮುಚ್ಚಿ, ಸೊಳ್ಳೆಗಿಂತ ತೆಳುವಾದ ಒಂದು ಸದ್ದನ್ನು ಮಾಡಿ ತೋರಿಸಿದಳು.

"ಇನ್ನೊಂದ್ಸಲ," ಎಂದ ನಾಮೊರಿ.

ಅವಳು ಇನ್ನೊಂದು ಸಲ ಮಾಡಿದಳು.